ಚಿಮಣಿಯ ಹಗ್ಗ

ಅಲ್ಲ ಮಾವಾ, ತಲಿ ಅಲ್ಲಾಡಸಬ್ಯಾಡ. ಪೂರ್ತಿ ಕೇಳು ಮೊದಲ. ಅಂಕಲಗಿ ತನಕ ಬಸ್ಸಿನ್ಯಾಗ ನಿಂತ ಬಂದೇನಿ, ಬರೇ ಚಾ ಕುಡದ ಹೋಗಾಕಲ್ಲ. ಹುಕ್ಕೇರಿ ಕಡಿ ಸಕ್ಕರಿ ಫ್ಯಾಕ್ಟರಿ ಚಿಮಣಿಗೆ ಬಣ್ಣಾ ಹಚ್ಚಬೇಕಂತ. ಮ್ಯಾನೇಜರಗ ಬಿಸಲಿನ ಮಾತ ತಗದ್ನಿ. ಅಂವಾ ಫ್ಯಾನಿನ ಕೆಳಗ ಕುಂತು, ಬಿಸಲು ವರ್ಷಾ ಇರೂದ ದುಂಡಪ್ಪ, ಅಂದ. ನಾ ಏನ ಹೇಳಲಿ? ಆಗಲ್ರಿ ಅಂದ್ನಿ. ಈ ಸಲ ಬಿಟ್ರ ಮುಂದ ಆ ಚಿಮಣಿ ನಮ್ಮದಲ್ಲ. ಕೊಲ್ಲಾಪುರದವ್ರು ಬಾಗಲದಾಗ ನಿಂತಾರ.

ನಮ್ಮ ಕೆಲಸಾ ನಿನಗ ಹೇಳೂದೇನೈತಿ... ಕಬ್ಬು ಅರಿಯೂದು ನಿಂತು, ಬಾಯ್ಲರ್ ಆರಬೇಕು. ಅಲ್ಲಿಂದ ಮಳಿ ಹಿಡಿಯೂತನಕ ಚಿಮಣಿ ನಮ್ಮದು. ನಮ್ಮಪ್ಪ ಮುಂಜಾನಿ ಏರಿದರ ಬುತ್ತಿ ಮ್ಯಾಲ ಉಂಡು, ಹೊತ್ತ ಮುಳಗಿದ ಮ್ಯಾಲ ಇಳೀತಿದ್ದ. ಮಧ್ಯಾಹ್ನ ಹಿಡಕಲ್ ಡ್ಯಾಮಿನ ಕಡಿಯಿಂದ ಗಾಳಿ ಬರತಿತ್ತಂತ, ಬೀಸಣಿಕಿ ಹಾಕಿದಂಗ. ಈಗ ಚಿಮಣಿ ತಣ್ಣಗ ಆಗೂದ ಇಲ್ಲ. ಒಳಗಿನ ಬೆಂಕಿ ಆರತೈತಿ, ಹೊರಗಿಂದು ಆರೂದಿಲ್ಲ. ಚಾ ಹೊತ್ತಿಗೇ ಕಬ್ಬಣದ ನಿಚ್ಚಣಿಕಿ ಮುಟ್ಟಾಕ ಆಗೂದಿಲ್ಲ. ಬ್ರಶ್ ಎತ್ತೂದ್ರಾಗ ಬಣ್ಣಾ ಒಣಗಿರತೈತಿ. ಕಾಶೆವ್ವ ಹಳೇ ಸೀರಿ ಹರದು ಕೈಗೆ ಸುತ್ತಿ ಕಳಸತಾಳ. ನಿನ್ನ ತಂಗಿ ಲಗ್ನದ ಸೀರಿ ಚಿಮಣಿ ಏರಿ ಬಂದೇತಿ ಮಾವಾ, ಆಕಿ ಅಷ್ಟ ಏರಿಲ್ಲ.

ಹಾಂ, ನಕ್ಕಿ ನೋಡು. ನಗು.

ಸಂಜಿಕ ಏರೂಣು ಅಂದ್ರ ಅಡ್ಡಮಳಿ. ಮೊದಲ ಅದೂ ಹೇಳಿ ಬರತಿತ್ತು, ಮೋಡಾ ಕಟ್ಟಿ, ಗುಡುಗಿ, ನೀವು ಇಳಕೋರಿ ನಾ ಬರತೇನಿ ಅಂದಂಗ. ಈಗ ಹೇಳದ ಕೇಳದ ಬರೂ ಬೀಗರಂಗ ಬರತೈತಿ. ಹ್ವಾದ ವರ್ಷ ಆಣಿಕಲ್ಲು ಬಿದ್ದಾಗ ಬಣ್ಣದ ಡಬ್ಬಿ ತಲಿಮ್ಯಾಲ ಬೋರಲ ಹಾಕ್ಕೊಂಡ್ನಿ, ಒಳಗ ಅರ್ಧಾ ಬಣ್ಣಾ ಐತಿ ಅನ್ನೂದ ಮರತು. ಮೈಯೆಲ್ಲಾ ಬೆಳ್ಳಿ ಬಣ್ಣಾ. ನನ್ನ ತಂಗಿ ತಾಯವ್ವ ನನ್ನ ನೋಡಿ, ಗುಡಿಯಾಗಿನ ಮೂರ್ತಿ ಎದ್ದ ಬಂದೇತಿ, ಕಾಯಿ ಒಡೀರಿ, ಅಂದಿದ್ಲು. ಅಣ್ಣ ಸತ್ತಿದ್ರ ಅನ್ನೂದು ಆಕಿ ತಲಿಗೇ ಬಂದಿಲ್ಲ.

ಏನು? ಬ್ಯಾರೆ ಯಾರನರ ಕರಕೋ ಅಂತಿ, ಕಣ್ಣಾಗ. ಆಗೂದಿಲ್ಲ. ಏರಿದಾವನ ಸೊಂಟದ ಹಗ್ಗಾ ಮ್ಯಾಲಿನ ಗಾಲಿ ಹಾದು ಕೆಳಗ ಇಳದು, ಅವನ ಹೆಂತಿ ಅಣ್ಣನ ಕೈಯಾಗ ಇರಬೇಕು. ಸ್ವಂತ ಅಣ್ಣತಮ್ಮಂದ್ರ ಕೈಯಾಗ ಬ್ಯಾಡ, ಹೊಲದ ಪಾಲು ನೆನಪಾದ್ರ ಕೈ ಸಡಲಾದೀತು. ಹೆಂತಿ ಅಣ್ಣ ಬಿಡೂದಿಲ್ಲ. ಬಿಟ್ರ ತಂಗಿ ಕುಂಕುಮಾ ಅಳಿಸಿಕೊಂಡು ಅವನ ಮನಿಗೇ ಬರತಾಳ. ನಮ್ಮಪ್ಪನ ಮಾತು. ಅದಕ್ಕ ಅಂವಾ ಸಾಟಿ ಲಗ್ನಾ ಮಾಡಿದ. ನಿನ್ನ ತಂಗಿ ನಮ್ಮ ಮನಿಗೆ, ನನ್ನ ತಂಗಿ ನಿಮ್ಮ ಮನಿಗೆ. ಮಂದಿ ಹುಂಡಾ ಉಳಸಾಕ ಸಾಟಿ ಮಾಡತಾರ. ನಮ್ಮಪ್ಪ ಹಗ್ಗದ ಸಲುವಾಗಿ ಮಾಡಿದ.

ಅದನ್ನ ವಿಚಾರ ಮಾಡಕೋತ ಬಂದ್ನಿ ಬಸ್ಸಿನ್ಯಾಗ. ಸಾಟಿ ಅಂದ್ರ ಎರಡೂ ಕಡಿಯಿಂದ, ಹೌದಲ್ಲ? ನಾನೂ ನಿನ್ನ ಹೆಂತಿ ಅಣ್ಣನ. ಅಂದಮ್ಯಾಲ... ಈ ಸಲ ನೀ ಏರು. ನಾ ಹಗ್ಗಾ ಹಿಡೀತೇನಿ. ಮೂಡಲಗಿ ನೀರಿನ ಟಾಕಿ ಅರ್ಧಾ ನೀನ ಬಳದೀಯಲ್ಲ, ಏರಾಕ ಬರೂದಿಲ್ಲ ಅನಬ್ಯಾಡ. ನನ್ನ ಸೊಂಟಾ ಸ್ವಲ್ಪ... ಸೊಂಟಾ ಅಂದ್ರ ಸೊಂಟಾ ಅಲ್ಲ, ಕಣ್ಣು. ಝಳಕ್ಕ ಕಣ್ಣು ಉರೀತಾವು. ಮತ್ತ ಒಂದ ವರ್ಷ ಬದಲಿ ಇರಲಿ ಅಂತ.

ಯಾಕ ಅಂತ ಕೇಳು.

ಕೇಳಪಾ. ಹುಟ್ಟಿದಾಗಿಂದ ಏರಿದಾಂವ ಒಂದಿನ ಬಂದು, ನೀ ಏರು ಅಂದ್ರ ಯಾರಾದ್ರೂ ಕೇಳತಾರ. ಒಳಗ ತಾಯವ್ವ ಸುದ್ದಾ ರೊಟ್ಟಿ ಬಡಿಯೂದು ನಿಲ್ಲಿಸ್ಯಾಳ, ಕೇಳಸಾಕತ್ತಿಲ್ಲೇನು? ನೀ ಎಲಿಗೆ ಸುಣ್ಣಾ ಹಚ್ಚಕೋತ ಕುಂತಿ.

ನೀ ಕೇಳೂದಿಲ್ಲ.

...ಗೊತ್ತಿತ್ತೇನು ನಿನಗ?

ಕಾಶೆವ್ವಗೂ ಹೇಳಿಲ್ಲ ನಾ. ಯಾರಿಗೂ ಹೇಳಿಲ್ಲ. ಚಿಮಣಿ ಮ್ಯಾಲ ಬಿಸಲಾಗ ತಲಿ ತಿರಗಿ ಒಮ್ಮೆ ಕೈ ಬಿಟ್ಟಿದ್ನಲ್ಲ, ನೀ ಹಗ್ಗಾ ಜಗ್ಗಿ ಹಿಡದಿ, ಅಲ್ಲಿಗೆ ಮುಗೀತು ಅಂದಕೊಂಡಿದ್ನಿ. ಮುಗೀಲಿಲ್ಲ. ಮುಂದ ನಸುಕಿನ್ಯಾಗ ಏರಿದ್ರೂ ತೊಡಿ ನಡಗತಾವು. ತಂಪ ಹೊತ್ತಿನ್ಯಾಗೂ. ನಿಚ್ಚಣಿಕಿ ಅಪ್ಪಿಕೊಂಡು ನಿಂತಬಿಡತೇನಿ. ಕೆಳಗಿಂದ ಕಾಣೂದಿಲ್ಲ ಅಂತ ತಿಳಕೊಂಡಿದ್ನಿ... ಹಗ್ಗದ ಆ ತುದಿ ನಿನ್ನ ಕೈಯಾಗಿತ್ತಲ್ಲ. ಮ್ಯಾಲ ನಾ ನಡಗಿದ್ದು ಕೆಳಗ ನಿನ್ನ ಅಂಗೈಯಾಗ ಬರತಿತ್ತು. ಹೌದಲ್ಲ?

ಹಂಗಾರ ಅವತ್ತು, ಕಲ್ಲೋಳಿ ಮೊಬಾಯಿಲ್ ಟಾವರ್ ಮ್ಯಾಲ... ಅರ್ಧಕ್ಕ ನಿಂತಬಿಟ್ಟಿದ್ನಿ. ಕೆಳಗ ಮಂದಿ ಕೂಡಿತ್ತು. ನೀ ಒದರಿದಿ, ಗಾಳಿ ಬರಾಕತ್ತೇತಿ ದುಂಡಪ್ಪ, ಇಳಿ, ಇಳಿ, ಅಂತ. ಇಳದ ಬಂದ್ನಿ. ಬೇವಿನ ಗಿಡದಾಗ ಒಂದ ಎಲಿ ಅಳ್ಳಾಡತಿರಲಿಲ್ಲ. ಎಲ್ಲಾರ ಮುಂದ ನಿನಗ ಬೈದ್ನಿ, ಎಲ್ಲೈತಿ ಗಾಳಿ, ಕುಡ್ಡ ಆಗೀಯೇನು, ಅಂತ. ಗೋಕಾಕ ಬರೂತನಕ ಬೈದ್ನಿ. ನೀ ಬೈಸಿಕೊಂಡಿ.

ಮಾವಾ. ಗಾಳಿ ಇತ್ತು ಅಂತ ಒಂದ ಮಾತ ಹೇಳು.

ಸುಳ್ಳರ ಹೇಳು.