ಅರ್ಧ ಕೇಳಿದ ಮಾತು

ನಗುವವರು ಈಗಲೇ ನಕ್ಕುಬಿಡಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು. ಹಳೇ ಕಾರುಗಳ ವೈರಿಂಗ್ ಅವನ ಕಸುಬು, ಹಾಗಾಗಿ ಎಲ್ಲರ ಬಾಯಲ್ಲೂ ವೈರಣ್ಣ.

ಆ ರಾತ್ರಿ ಶೆಡ್ಡಿಗೆ ಬೀಗ ಜಡಿದು ಹೊರಟಾಗ ಹನ್ನೊಂದು ದಾಟಿತ್ತು. ಹಾಳುಬಾವಿ ಪಕ್ಕದ ದಾರಿ. ಅಂಗಿ ಜೇಬಿನಲ್ಲಿ ರಿಪೇರಿಗೆ ನಿಂತ ಕಾರಿನಿಂದ ಬಿಚ್ಚಿಕೊಂಡ ಒಂದು ರಿಲೇ... ಕೀಲಿ ತಿರುಗಿಸಿದರೆ 'ಟಿಕ್' ಅಂದು ಸ್ಟಾರ್ಟರ್ ಮೋಟರಿಗೆ ಕರೆಂಟು ಬಿಡುವ ಸಣ್ಣ ಡಬ್ಬಿ. ಮೂರು ದಿನದಿಂದ ಅದು ಅವನ ಜೀವ ಹಿಂಡಿತ್ತು. ಬ್ಯಾಟರಿ ಹೊಸದು. ಅರ್ತ್ ವೈರು ಉಜ್ಜಿ ಬಿಗಿ ಮಾಡಿದ್ದ. ಆದರೂ ಟಿಕ್... ಅಷ್ಟೇ. ಮೋಟರ್ ಗರ್ರ್ ಅನ್ನುವುದೇ ಇಲ್ಲ. ಬೇರೆ ಗಾಡಿಯಾಗಿದ್ದರೆ ಬೈದು ಸುಮ್ಮನಾಗುತ್ತಿದ್ದ. ಇದು ಆ ಕಾರು.

ಎರಡು ವರ್ಷದ ಹಿಂದೆ ಇದೇ ಕಾರಿನ ಮುಂದೆ ಅವನ ಹೆಂಡತಿಯ ತಮ್ಮ ನಿಂತಿದ್ದ. ಕೈ ಬಾನೆಟ್ಟಿನೊಳಗೆ, ಬೆನ್ನ ಹಿಂದೆ ಗೋಡೆ. ವೈರಣ್ಣ ಸೀಟಿನಲ್ಲಿ.

"ಹಾಕ್ಲೇನೋ?" ಅಂತ ಇವನು ಕೇಳಬೇಕು. "ಹಾಕಿ ಭಾವ" ಅಂತ ಅವನು ಹೇಳಬೇಕು. ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು. ಆವತ್ತು ಪಕ್ಕದ ಅಂಗಡಿಯಲ್ಲಿ ಕಬ್ಬಿಣ ಕೊಯ್ಯುತ್ತಿದ್ದರು. ಇವನಿಗೆ ಕೇಳಿಸಿದ್ದು "ಹಾಕ್..." ಅಷ್ಟೇ. ಉಳಿದಿದ್ದು ಕಿರ್ರೋ ಸದ್ದಿನಲ್ಲಿ ಮುಳುಗಿತು. ಕೀಲಿ ತಿರುಗಿಸಿದ. ಗಾಡಿ ಗೇರಿನಲ್ಲಿತ್ತು, ಮುಂದಕ್ಕೆ ಹಾರಿತು.

ಹೆಣದ ಪಕ್ಕ ಹೆಂಡತಿ ಒಂದೇ ಸಲ ಕೇಳಿದ್ದಳು. "ನಿಜವಾಗ್ಲೂ ಹಾಕಿ ಅಂದ್ನಾ?"

"ಹೂಂ" ಅಂದಿದ್ದ. ಆಮೇಲೆ ಅವನು ನೆಟ್ಟಗೆ ನಿದ್ದೆ ಮಾಡಿದ್ದಿಲ್ಲ.

ಬಾವಿ ಹತ್ತಿರ ಬಂತು. ಜೇಬಿನಲ್ಲಿ... ಟಿಕ್.

ನಿಂತ. ವೈರಿಲ್ಲ, ಬ್ಯಾಟರಿಯಿಲ್ಲ.

ಟಿಕ್.

ಆಮೇಲೆ ಕಿವಿಯ ಪಕ್ಕದಲ್ಲೇ... "ಹಾಕ್..."

"ಪೂರ್ತಿ ಹೇಳೋ," ಪಿಸುಗುಟ್ಟಿದ. "ಹಾಕಿ ಅಂದ್ಯೋ, ಹಾಕ್ಬೇಡಿ ಅಂದ್ಯೋ? ನಿನ್ನ ಕಾಲಿಗೆ ಬೀಳ್ತೀನಿ, ಹೇಳ್ಬಿಡು."

ಟಿಕ್. "ಹಾಕ್..."

ಎಷ್ಟು ಅಂಗಲಾಚಿದನೋ, ಎಷ್ಟು ಅತ್ತನೋ. ಅಷ್ಟಕ್ಕಿಂತ ಮುಂದೆ ಒಂದಕ್ಷರ ಬರಲಿಲ್ಲ.

ಮನೆ ಮುಟ್ಟಿದಾಗ ಹೆಂಡತಿ ಬಾಗಿಲು ತೆರೆದು ನಿಂತಿದ್ದಳು.

"ಯಾರ ಜೊತೆ ಬಂದ್ರಿ?"

"ಯಾರೂ ಇಲ್ಲ."

"ಈಗ ತಾನೆ ಇಲ್ಲೇ ಮೆಟ್ಟಿಲ ಹತ್ರ ಯಾರೋ ಅಂದ್ರಲ್ಲ... ಎರಡೇ ಮಾತು."

"ಏನಂದ್ರು?"

ಅವಳು ಅವನ ಮುಖವನ್ನೇ ನೋಡಿದಳು. "ಬೇಡಿ, ಭಾವ."

ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ಕೂತಿದ್ದವನನ್ನು ಎಬ್ಬಿಸಿದ್ದು ನಾನು. ಆ ರಿಲೇ ಬಿಚ್ಚಿ ನೋಡಿದ್ದೂ ನಾವಿಬ್ಬರೇ. ಸುಳ್ಳು ಹೇಳಿ ನನಗೇನಾಗಬೇಕು? ಒಳಗಿನ ಸುರುಳಿ ತಂತಿ ಯಾವತ್ತೋ ತುಂಡಾಗಿ ಕಿಲುಬು ಹಿಡಿದಿತ್ತು. ಜೇಬಿನಲ್ಲಿರಲಿ, ಶೆಡ್ಡಿನಲ್ಲಿ ಆ ಮೂರು ದಿನ ಕರೆಂಟು ಕೊಟ್ಟಾಗಲೂ ಅದು ಟಿಕ್ ಅನ್ನುವ ಹಾಗಿರಲಿಲ್ಲ.