ರಾಜ ಕೂತ ಕಲ್ಲು

ತಮಿಳುನಾಡಿನ ಬೋಡಿ ಬಸ್‌ನಿಲ್ದಾಣದಲ್ಲಿ ಹೂ ಕಟ್ಟುತ್ತಿದ್ದ ಮುತ್ತುಸೆಲ್ವಿಯ ಕಿವಿಗೆ, ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಅತ್ತೆ-ಅಳಿಯ ತನ್ನ ಮನೆಮಾತಾದ ಕನ್ನಡದಲ್ಲೇ ಆಡುತ್ತಿದ್ದುದು ತಾನಾಗಿ ಬಿತ್ತು.

"ಕಾಳಿಯತ್ತೆ, ಬೆಟ್ಟ ನೋಡೋಕೆ ಬರೋರಿಗೆ ದಾರಿ ತೋರ್ಸೋಕೆ ನಾವು ಮಾಡಿದ ಸೀಡಿ ಬಂತು. ನೀವು ಹೇಳಿದ ರಾಜನ ಕಥೆ ಕಂಪ್ಯೂಟರಲ್ಲಿ ಐತೆ. ನೋಡಿದೋರೆಲ್ಲಾ ಹೋಗಿ ರಾಜ ಕೂತ ಆ ಕಲ್ಲ ಮ್ಯಾಲೆ ಕೂತ್ಕತಾರೆ."

"ಕೂತ್ಕತಾರಾ? ಅಯ್ಯಯ್ಯೋ ದುರೈ, ಅದು ನಮ್ಮ ಮನೆ ಸಾಮಿ ಕಲ್ಲು ಕಣಪ್ಪ! ಹೆರಿಗೇಲಿ ಸತ್ತ ನಮ್ಮ ವಂಶದ ಮುತ್ತವ್ವನ್ನ ಅದರಡೀಲೇ ಮಣ್ಣು ಮಾಡಿದ್ದು."

"ಮತ್ತೆ ರಾಜ?"

"ಹೊರಗಿನೋರಿಗೆ ಅವಳ ಕಥೆ ಹೇಳಬಾರ್ದು. ಅದಕ್ಕೇ ಒಂದು ಕಟ್ಟಿ ಹೇಳಿದೆ."

"ನಾನೂ ಹೊರಗಿನೋನಾ, ಅತ್ತೆ?"

"ಆವತ್ತು ಕಥೆ ಕೇಳೋಕೆ ನಿನ್ನ ಜೊತೆ ಯಾರ್ಯಾರೋ ಬಂದಿದ್ರಲ್ಲ. ಈಗ ಅಳಿಸ್ಬಿಡು."

"ಅಳಿಸೋಕಾಗಲ್ಲ. ಸೀಡಿ ಊರೂರಿಗೆ ಹೋಗ್ಬಿಟ್ಟವೆ."

ಬೆಟ್ಟದ ಮೇಲಿನ ಬೋಡಿಮೆಟ್ಟಿಗೆ ಹೋಗುವ ಬಸ್ಸು ಬಂತು. ಅತ್ತೆಯ ಚೀಲ ಎತ್ತಿಕೊಂಡ ದುರೈ ತಲೆ ತಗ್ಗಿಸಿದ.

"ಆ ಸೀಡೀಲಿ ಕಲ್ಲ ಮ್ಯಾಲೆ ಕೂತಿರೋಳ ಪಟ ನನ್ನ ಮಗಳದ್ದೇ, ಅತ್ತೆ. ನಾನೇ ಕೂರ್ಸಿದೆ."

ಕಾಳಿಯಮ್ಮಾಳ್ ಚೀಲ ಕಿತ್ತುಕೊಂಡು ಒಬ್ಬಳೇ ಬಸ್ಸು ಹತ್ತಿದಳು.