ಗಲಾಟೆ ಆಗದ ವರ್ನಾ ಅಜ್ಜಿ

ಊರ ನಡುವೆ ವಿದ್ಯಾರ್ಥಿಗಳಿಗಾಗಿ ದೊಡ್ಡ ವಸತಿ ಕಟ್ಟಡ ಬೇಕೋ ಬೇಡವೋ ಎಂದು ನಗರಸಭೆ ಜನರನ್ನು ಕೇಳುತ್ತಿತ್ತು. ಸಭೆಯಲ್ಲಿ ಮಾತಾಡಲು ಮೈಕಿಗಾಗಿ ನಿಂತ ಸಾಲಿನಲ್ಲಿ ನನ್ನ ಮುಂದೆ ವರ್ನಾ ಅಜ್ಜಿ, ಜೊತೆಗೆ ಪಕ್ಕದ ಮನೆಯ ಆರ್ಲಿನ್.

“ಏನು ಹೇಳ್ತೀಯೇ ವರ್ನಾ?”

“ಹುಡುಗರು ಬಂದ್ರೆ ಗಲಾಟೆ, ನಿದ್ದೆ ಬರಲ್ಲ ಅಂತೀನಿ.”

“ನಿನ್ನ ನೆಲಮಾಳಿಗೇಲೇ ಮೂರು ಹುಡುಗರು ಬಾಡಿಗೆಗಿದ್ದು ಡ್ರಮ್ ಬಾರಿಸ್ತಾರಲ್ಲ.”

“ಅವರ ಮಾತು ಬೇರೆ. ಬಾಗಿಲ ಮುಂದಿನ ಹಿಮ ಎತ್ತಿ ಹಾಕ್ತಾರೆ. ನಾನು ಸೀಯಿಸಿದ ಸೇಬಿನ ಪೈನೂ ತಟ್ಟೆ ನೆಕ್ಕಿ ತಿಂತಾರೆ.”

“ಹೊಸ ಕಟ್ಟಡದಲ್ಲಿ ಈಜುಕೊಳ ಇದೆಯಂತೆ. ಅವರೂ ಅಲ್ಲಿಗೇ ಹೋಗ್ತಾರೆ ಬಿಡು.”

“ಅದಕ್ಕೇ ಕಣೇ ನಾನು ಬೇಡ ಅನ್ನೋಕೆ ಬಂದಿರೋದು.”

“ಹಾಗಿದ್ರೆ ಅದನ್ನೇ ಹೇಳು.”

“ಮೂವರೂ ಹಿಂದೆ ಕೂತಿದಾರೆ ನೋಡು. ಕೇಳಿಸ್ಕೊಂಡ್ರೆ ತಲೆ ಮೇಲೆ ಹತ್ತಿ ಕೂರ್ತಾರೆ.”

ಅಷ್ಟರಲ್ಲಿ ಅಜ್ಜಿಯ ಹೆಸರು ಕರೆದರು. ಮೈಕಿನ ಮುಂದೆ ಹೋಗಿ, ಹುಡುಗರ ಗಲಾಟೆ ತಮಗೆ ಆಗದು ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಹಿಂದೆ ಕೂತಿದ್ದ ಆ ಮೂವರು ಹುಡುಗರೇ.